4000 ಕ್ಲಿಕ್ ಮತ್ತು ನಮ್ಮ ನರ್ಸಿಂಗ್ ಬ್ಯಾಚಿನ ಗುಂಪು

ಬೆಳಿಗ್ಗೆ ಆರೂ ಮುಕ್ಕಾಲು. ನೈಟ್ ಡ್ಯೂಟಿ ಮುಗಿಸಿ ಹ್ಯಾಂಡೋವರ್ ಕೊಡುವ ಹೊತ್ತಿಗೆ ಗುಂಪಿಗೆ ಒಂದು ಫಾರ್ವರ್ಡ್ ಬಂತು.

"ಎಮರ್ಜೆನ್ಸಿ ನರ್ಸ್ ಒಂದು ಶಿಫ್ಟಿನಲ್ಲಿ 4000 ಸಲ ಮೌಸ್ ಒತ್ತುತ್ತಾಳೆ! ರೋಗಿಗೆ ಕಾಣುವುದು ಅವಳ ಬೆನ್ನು ಮಾತ್ರ! ಎಲ್ಲ ನರ್ಸುಗಳಿಗೂ ತಲುಪಿಸಿ."

ಕಳಿಸಿದ್ದು ನಮ್ಮ ಟ್ರಾಮಾ ಅಕ್ಕ. ಬ್ಯಾಚಿನಲ್ಲಿ ಎಲ್ಲರಿಗಿಂತ ಎರಡು ವರ್ಷ ದೊಡ್ಡವಳು, ಅದಕ್ಕೇ ಅಕ್ಕ. ಕೆಳಗೆ ತನ್ನದೊಂದು ಸಾಲು ಸೇರಿಸಿದ್ದಳು: "ನಾನು ಮೊದಲಿಂದಲೂ ಇದನ್ನೇ ಹೇಳ್ತಾ ಬಂದಿದ್ದೀನಿ."

ಹತ್ತು ನಿಮಿಷದಲ್ಲಿ ಸಾಲು ಸಾಲು ಹೆಬ್ಬೆರಳು. ನಾನೂ ಪೂರ್ತಿ ಓದದೆ ಒತ್ತಿಬಿಟ್ಟೆ. ರಾತ್ರಿಯಿಡೀ ಪರದೆ ಮುಂದೆ ನಿಂತು ಬಂದವಳಿಗೆ ಅದು ನಿಜ ಅನ್ನಿಸಿತು, ಅಷ್ಟೇ.

ಆಮೇಲೆ 'ಯಾವ ಪುಟ' ಬಂದಳು. ಹಾಸ್ಟೆಲಿನಲ್ಲಿ ನಾವಿಟ್ಟ ಹೆಸರು ಅದು. ಯಾರು ಏನೇ ಹೇಳಿಕೊಟ್ಟರೂ ಪುಸ್ತಕದಲ್ಲಿ ಯಾವ ಪುಟ ಅಂತ ಕೇಳುತ್ತಿದ್ದಳು. ಈಗ ಒಂದು ಆಸ್ಪತ್ರೆಯ ಕ್ವಾಲಿಟಿ ವಿಭಾಗದಲ್ಲಿದ್ದಾಳೆ.

"ಇದು 2013ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನದ ಲೆಕ್ಕ. ನೋಡಿದ್ದು ಒಂದೇ ಆಸ್ಪತ್ರೆಯ ಎಮರ್ಜೆನ್ಸಿ. ಎಣಿಸಿದ್ದು ಡಾಕ್ಟರುಗಳ ಕ್ಲಿಕ್, ನರ್ಸುಗಳದ್ದಲ್ಲ. ಬಿಡುವಿಲ್ಲದ ಹತ್ತು ಗಂಟೆಯ ಶಿಫ್ಟಿಗೆ ಹತ್ತಿರ ಹತ್ತಿರ 4000 ಆಗುತ್ತೆ ಅಂದರು. ಡಾಕ್ಟರುಗಳ ಸಮಯದಲ್ಲಿ ಶೇ. 43 ಕಂಪ್ಯೂಟರಿನಲ್ಲಿ ಎಂಟ್ರಿಗೆ, ಶೇ. 28 ರೋಗಿಯ ಹತ್ತಿರ. ಯಾರೋ ಡಾಕ್ಟರ್ ಅನ್ನೋದನ್ನ ತೆಗೆದು ನರ್ಸ್ ಅಂತ ಹಾಕಿದ್ದಾರೆ."

ನಿಜವಾದ ಮಾತು ಇಲ್ಲಿಂದ ಶುರುವಾಗಬೇಕಿತ್ತು. ಔಷಧಿ, ಪರೀಕ್ಷೆಯ ಆರ್ಡರ್ ನಾವು ಹಾಕುವುದಿಲ್ಲ, ನಿಜ. ಆದರೆ ಯಾರನ್ನು ಮೊದಲು ನೋಡಬೇಕು ಅನ್ನುವ ಟ್ರಯಾಜ್, ನಾಡಿ, ಬಿ.ಪಿ.ಯಂಥ ವೈಟಲ್ಸ್, ನೋವಿನ ಸ್ಕೋರ್, ಐ.ವಿ. ಎಲ್ಲಿ ಹಾಕಿದೆವು, ಯಾವ ಡೋಸ್ ಎಷ್ಟು ಹೊತ್ತಿಗೆ ಹೋಯಿತು, ಇದೆಲ್ಲ ನಮ್ಮ ಕೈಯದ್ದೇ. ನಮ್ಮ ಕ್ಲಿಕ್ ಎಷ್ಟಾಗಬಹುದು ಅಂತ ಒಬ್ಬಳೂ ಕೇಳಲಿಲ್ಲ.

ಅಕ್ಕ ಬರೆದದ್ದು ಇಷ್ಟು: "ನೀನು ಎಮರ್ಜೆನ್ಸಿ ಬಿಟ್ಟು ಎಷ್ಟು ವರ್ಷ ಆಯ್ತು? ಕೂತು ಪುಟ ಹುಡುಕೋಕೆ ನಿನಗೆ ಟೈಮ್ ಇದೆ. ನಮಗಿಲ್ಲ."

"ತಪ್ಪು ಲೆಕ್ಕ ತಪ್ಪು ಅಂದ್ರೆ ನಾನು ಶತ್ರು ಆಗಿಬಿಟ್ಟೆನಾ?"

ಅಷ್ಟರಲ್ಲಿ ನಮ್ಮ ಹಳೇ ಟ್ಯೂಟರ್ ಮೇಡಂ ಬಂದರು. "ಮಕ್ಕಳೇ, ಜಗಳ ಬೇಡ. ನಮ್ಮ ಕಾಲದಲ್ಲಿ ನರ್ಸ್ ಅಂದ್ರೆ ರೋಗಿಯ ಮುಖ ನೋಡಿ ನಾಡಿ ಹಿಡಿಯೋಳು. ನೈಟಿಂಗೇಲ್ ಕೈಯಲ್ಲಿ ದೀಪ ಇತ್ತು, ಕೀಬೋರ್ಡ್ ಇರಲಿಲ್ಲ."

'ಯಾವ ಪುಟ' ಬಿಡಲಿಲ್ಲ. "ಮೇಡಂ, ತಪ್ಪು ತಿಳೀಬೇಡಿ. ದೀಪದ ಜೊತೆ ಲೆಕ್ಕವೂ ಇತ್ತು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಕಾಯಿಲೆಯಿಂದ ಜಾಸ್ತಿ ಸತ್ತರು ಅಂತ ಅವರು 1858ರಲ್ಲಿ ಚಿತ್ರ ಬರೆದು ತೋರಿಸಿದ್ದು ಸತ್ತವರ ದಾಖಲೆ ಇಟ್ಟುಕೊಂಡೇ ಅಲ್ವಾ?"

ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. "ಒಳ್ಳೇದು ಮಗಳೇ" ಅಂದರು. ಆದರೆ ಉಳಿದವರಿಗೆ ಸಾಕಾಯಿತು. ಕಲಿಸಿದವರಿಗೆ ಎದುರು ಮಾತಾಡ್ತೀಯಾ ಅಂತ ನಾಲ್ಕು ಜನ ಅವಳ ಮೇಲೆ ಬಿದ್ದರು. ಅವಳು ಹೇಳಿದ್ದು ಸರಿಯಾಗಿತ್ತು ಅಂತ ಆಗಲೇ ಬರೆಯಬೇಕಿತ್ತು ನಾನು. ಬಸ್ಸಿನಲ್ಲಿ ಕಣ್ಣು ಎಳೆಯುತ್ತಿತ್ತು, ಬರೆಯಲಿಲ್ಲ.

ಮನೆ ತಲುಪಿ ನೋಡಿದರೆ ಮಾತು ಕೆಂಪು ಇಂಕಿಗೆ ಹೋಗಿತ್ತು. ನನ್ನ ಹಳೇ ರೂಮ್‌ಮೇಟ್ ಎತ್ತಿದ್ದು. ಹಾಳೆಯಲ್ಲಿ ಬರೆಯುತ್ತಿದ್ದ ಕಾಲದ ಮಾತು. ಹಗಲಿನ ನೋಟ್ಸ್ ನೀಲಿಯಲ್ಲಿ, ರಾತ್ರಿಯದು ಕೆಂಪಿನಲ್ಲಿ. ಟೆಂಪರೇಚರ್ ಚಾರ್ಟಿನಲ್ಲಿ ಚುಕ್ಕಿ ಇಟ್ಟು ಸ್ಕೇಲಿನಲ್ಲಿ ಗೆರೆ ಎಳೆದದ್ದು. ಏಪ್ರನ್ ಜೇಬಿನಲ್ಲಿ ಪೆನ್ನು ಸೋರಿದ್ದು. ಅರ್ಧ ಗಂಟೆ ಅದೇ. ನನಗೂ ಆ ಚಾರ್ಟ್ ಇಷ್ಟ. ಜ್ವರ ಏರಿದ್ದು ಇಳಿದದ್ದು ಒಂದೇ ನೋಟಕ್ಕೆ ಕಾಣುತ್ತಿತ್ತು. ಆದರೆ ಕೇಸ್ ಶೀಟ್ ರೋಗಿಯ ಜೊತೆ ಸ್ಕ್ಯಾನಿಗೆ ಹೋಗಿರುತ್ತಿತ್ತು. ಪೆನಿಸಿಲಿನ್ ಅಲರ್ಜಿ ಇದೆಯಾ ಅಂತ ನೋಡೋಕೆ ಕಾರಿಡಾರ್ ತುಂಬ ಓಡಿದ್ದೂ ನಾವೇ.

ಯಾರೋ 2017ರ ವಾನಾಕ್ರೈ ಸೈಬರ್ ದಾಳಿ ಎತ್ತಿದರು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಕಂಪ್ಯೂಟರುಗಳು ನಿಂತುಹೋಗಿ ಎಷ್ಟೋ ಆಸ್ಪತ್ರೆಗಳು ಪೆನ್ನು, ಹಾಳೆ ಹಿಡಿದವು, ಕೆಲವು ಕಡೆ ಆಂಬುಲೆನ್ಸನ್ನೇ ಬೇರೆ ಕಡೆ ಕಳಿಸಿದರು. "ನೋಡಿದ್ರಾ?" ಅಂತ ಒಬ್ಬಳು. "ವರ್ಷಕ್ಕೊಮ್ಮೆ ಕರೆಂಟ್ ಹೋಗುತ್ತೆ ಅಂತ ಬಲ್ಬ್ ಬೇಡ ಅಂತೀಯಾ?" ಅಂತ ಇನ್ನೊಬ್ಬಳು.

ಆಗ ಅಕ್ಕ ಬರೆದಳು.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಅಂತೀರಲ್ಲ. ಮೂರು ವರ್ಷದ ಹಿಂದೆ ನನ್ನ ಹೆಸರಲ್ಲಿ ನಾನು ಮಾಡದ ಎಂಟ್ರಿ ಬಂತು. ಲಾಗಿನ್ ಯಾಕೆ ತೆರೆದಿಟ್ಟೆ ಅಂತ ಇದೇ ಗುಂಪಲ್ಲಿ ಎಲ್ಲರೂ ಬುದ್ಧಿ ಹೇಳಿದ್ರಿ. ಒಬ್ಬರಾದ್ರೂ ನನ್ನ ಪರ ಮಾತಾಡಿದ್ರಾ?"

ಗುಂಪು ಸುಮ್ಮನಾಯಿತು. ಆ ಎಂಟ್ರಿ ಮಾಡಿದ್ದು ನಾನು.

ಆಗ ನಾವಿಬ್ಬರೂ ಒಂದೇ ಕಡೆ ಕೆಲಸದಲ್ಲಿದ್ದೆವು. ಆ ರಾತ್ರಿ ಹೃದಯ ನಿಂತ ರೋಗಿ ಒಬ್ಬರು ಬಂದರು. ಎರಡು ನಿಮಿಷಕ್ಕೊಮ್ಮೆ ಹೃದಯದ ರಿದಮ್ ನೋಡಬೇಕು, ಮೂರರಿಂದ ಐದು ನಿಮಿಷಕ್ಕೊಮ್ಮೆ ಅಡ್ರಿನಲಿನ್ ಇಂಜೆಕ್ಷನ್ ಒಂದು ಮಿಲಿಗ್ರಾಂ ಹೋಗಬೇಕು. ಟೈಮ್ ಬರೆಯುವ ಕೆಲಸ ನನ್ನದು. ಆ ಗಡಿಬಿಡಿಯಲ್ಲಿ ಲಾಗಿನ್ ಮಾಡಿ, ರೋಗಿಯನ್ನು ಹುಡುಕಿ, ಮೂರು ಪರದೆ ದಾಟಿ ಬರೆಯುವುದು ಆಗದ ಮಾತು. ಬಿಳಿ ಟೇಪಿನ ತುಂಡೊಂದನ್ನು ಟ್ರಾಲಿಗೆ ಅಂಟಿಸಿ ಪೆನ್ನಿನಲ್ಲಿ ಬರೆದೆ: 2.51, 2.55, 2.59.

ಎಲ್ಲ ಮುಗಿದ ಮೇಲೆ ಪಕ್ಕದಲ್ಲಿ ತೆರೆದಿದ್ದ ಕಂಪ್ಯೂಟರಿನಲ್ಲೇ ಹಾಕಿದೆ. ಅದು ಅಕ್ಕನ ಲಾಗಿನ್. ಮುಂದಿನ ಬೆಡ್ಡಿಗೆ ಕರೆದರು ಅಂತ ಅವಳು ಹಾಗೇ ಓಡಿದ್ದಳು. ಮೂಲೆಯಲ್ಲಿದ್ದ ಹೆಸರನ್ನು ನಾನು ನೋಡಲೇ ಇಲ್ಲ. ಇನ್ನೊಂದು ತಪ್ಪೂ ಆಯಿತು. 'ಕೊಟ್ಟ ಸಮಯ' ಅನ್ನುವ ಜಾಗಕ್ಕೆ ಹೋಗಿ ನಾವೇ ಬದಲಿಸದಿದ್ದರೆ, ಟೈಪ್ ಮಾಡಿದ ಹೊತ್ತೇ ಅಲ್ಲಿ ಕೂತುಬಿಡುತ್ತದೆ. ಹಾಗಾಗಿ ದಾಖಲೆಯಲ್ಲಿ ಮೂರು ಡೋಸ್ 3.38, 3.38, 3.39 ಅಂತ ಬಂತು. ಓದಿದವರಿಗೆ, ಅಕ್ಕ ಒಂದೇ ನಿಮಿಷದಲ್ಲಿ ಮೂರು ಮಿಲಿಗ್ರಾಂ ಕೊಟ್ಟಳು ಅಂತ. ಅದೂ ರೋಗಿ ಹೋಗಿಬಿಟ್ಟ ಮೇಲೆ.

ವಿಚಾರಣೆಯಲ್ಲಿ ನಾನು ಒಪ್ಪಿಕೊಂಡೆ. ಅವಳ ಮೇಲೆ ಕ್ರಮ ಆಗಲಿಲ್ಲ. ಆದರೆ ಗುಂಪಿನಲ್ಲಿ ಎಲ್ಲರೂ ಅವಳಿಗೆ ಬುದ್ಧಿ ಹೇಳುವಾಗ ಒಂದೊಂದನ್ನೂ ಓದಿ ಸುಮ್ಮನೆ ಫೋನ್ ಕೆಳಗಿಟ್ಟಿದ್ದೆ. ಮೂರು ವರ್ಷ.

ಇವತ್ತು ಬರೆದೆ. ಆ ಎಂಟ್ರಿ ನನ್ನದು, ಅಕ್ಕನದು ಏನೂ ತಪ್ಪಿಲ್ಲ ಅಂತ. ಆಮೇಲೆ ಇದನ್ನೂ: "4000 ಅನ್ನೋ ಲೆಕ್ಕ ನಮ್ಮದಲ್ಲ, ಅದು ಸರಿ. ಆದರೆ ಅಕ್ಕನ ಸಿಟ್ಟು ಸುಳ್ಳಲ್ಲ. ಹೃದಯ ನಿಂತವರನ್ನ ಉಳಿಸೋ ಕೋಡ್ ನಡೆಯುವಾಗ ಬರೆಯೋಕೆ ಅಂತಲೇ ಒಬ್ಬರು ಬೇಕು. ಅವರ ಕೈಗೆ ಬೇರೆ ಕೆಲಸ ಕೊಡಬಾರದು. ಕಾರ್ಡ್ ಮುಟ್ಟಿಸಿದ್ರೆ ಲಾಗಿನ್ ಬದಲಾಗಬೇಕು. ಪರದೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಕೊಟ್ಟದ್ದು ಎಷ್ಟು ಹೊತ್ತಿಗೆ ಅಂತ. ಇಷ್ಟು ಮಾಡಿಕೊಟ್ಟರೆ ನಾನು ಹಾಳೆ ಕೇಳಲ್ಲ."

ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಮೇಡಂ ಮಾತ್ರ "ಈಗ ಮಲಗು ಮಗಳೇ, ನೈಟ್ ಮಾಡಿ ಬಂದಿದ್ದೀಯ" ಅಂದರು.

ಮಧ್ಯಾಹ್ನ ಎದ್ದು ನೋಡಿದರೆ ಅಕ್ಕ ಒಂದು ಫೋಟೋ ಹಾಕಿದ್ದಳು. ಹಳೇ ಡೈರಿಯ ಹಾಳೆಗೆ ಅಂಟಿಸಿದ ಬಿಳಿ ಟೇಪು. ಅಂಚು ಹಳದಿಯಾಗಿದೆ, ಇಂಕು ಮಾಸಿದೆ. 2.51, 2.55, 2.59. ನನ್ನ ಅಕ್ಷರ. ವಿಚಾರಣೆಗೆ ಬೇಕಾದೀತು ಅಂತ ಆ ರಾತ್ರಿಯೇ ಟ್ರಾಲಿಯಿಂದ ಕಿತ್ತು ಇಟ್ಟುಕೊಂಡಿದ್ದಳಂತೆ.

ಅದರ ಕೆಳಗೆ 'ಯಾವ ಪುಟ': "ಆ 'ಕೊಟ್ಟ ಸಮಯ' ಯಾವ ಪರದೆಯಲ್ಲಿ ಬರುತ್ತೆ? ಪರದೆಯ ಫೋಟೋ ಇಲ್ಲಿ ಹಾಕಬೇಡ, ರೋಗಿಯ ಹೆಸರು ಬರುತ್ತೆ. ಸಂಜೆ ಫೋನ್ ಮಾಡ್ತೀನಿ, ನಮ್ಮಲ್ಲೂ ಹೀಗೇ ಇದೆಯಾ ನೋಡಬೇಕು. ಅಕ್ಕ, ನೀನೂ ಲೈನಿಗೆ ಬಾ."

ಅಕ್ಕ ಹೆಬ್ಬೆರಳು ಹಾಕಿದ್ದಳು.