ಚಿಕನ್ ತಿಂದರೆ ಮಂಕಾಗುವ ಮರಿ: ಶಂಟ್ ಆಪರೇಷನ್ ಬಗ್ಗೆ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಪಗ್ ಮರಿಗೆ 5 ತಿಂಗಳು. ಒಡಹುಟ್ಟಿದ ಮರಿಗಳ ಅರ್ಧದಷ್ಟೂ ಬೆಳೆದಿಲ್ಲ. ಚಿಕನ್ ಹಾಕಿದ ದಿನ ಒಂದೆರಡು ಗಂಟೆಗೆ ಮಂಕಾಗಿ ಸುತ್ತು ಹೊಡೆಯುತ್ತೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತೆ. ಮೊಸರನ್ನ ತಿಂದ ದಿನ ಆರಾಮ. ನಮ್ಮತ್ತೆ ದೃಷ್ಟಿಯನ್ನೂ ತೆಗೆದರು. ಇಲ್ಲಿನ ಡಾಕ್ಟ್ರು ಬೈಲ್ ಆಸಿಡ್ ಟೆಸ್ಟ್ (ಲಿವರ್ ಕೆಲಸ ನೋಡುವ ರಕ್ತ ಪರೀಕ್ಷೆ) ನೋಡಿ 'ಲಿವರ್ ಶಂಟ್ ಇರಬೇಕು, ಆಪರೇಷನ್ ಬೇಕಾಗಬಹುದು' ಅಂದರು. ಹಾಗಂದ್ರೇನು?

ಉತ್ತರ: ಚಿಕನ್‌ಗೂ ಮೊಸರನ್ನಕ್ಕೂ ಇರುವ ವ್ಯತ್ಯಾಸ ನೀವೇ ಹಿಡಿದಿದ್ದೀರಿ, ಅದು ದೊಡ್ಡ ಸುಳಿವು. ಕರುಳಿನ ರಕ್ತ ಪೋರ್ಟಲ್ ವೇನ್ ಮೂಲಕ ಲಿವರ್‌ಗೆ ಹೋಗಿ ಶುದ್ಧವಾಗಬೇಕು. ಇಂಥ ಮರಿಗಳಲ್ಲಿ ಹುಟ್ಟಿನಿಂದಲೇ ಒಂದು ಅಡ್ಡನಾಳ ಇರುತ್ತೆ, ಅದೇ ಶಂಟ್. ಕಾಲುವೆ ಒಡೆದು ನೀರು ಗದ್ದೆಗೆ ಹೋಗದೆ ಹಳ್ಳ ಸೇರಿದ ಹಾಗೆ, ರಕ್ತ ಲಿವರ್ ತಪ್ಪಿಸಿ ಹರಿಯುತ್ತೆ. ಮಾಂಸ ಜೀರ್ಣವಾದಾಗ ಹುಟ್ಟುವ ಅಮೋನಿಯಾ ಮಿದುಳಿಗೇ ಹೋಗುತ್ತೆ. ಅದಕ್ಕೇ ಆ ಸುತ್ತಾಟ. ಲಿವರ್ ಕೂಡ ಬೆಳೆಯದೆ ಉಳಿಯುತ್ತೆ.

ಪಗ್‌ನಂಥ ಸಣ್ಣ ತಳಿಗಳಲ್ಲಿ ಈ ನಾಳ ಹೆಚ್ಚಾಗಿ ಲಿವರ್‌ನ ಹೊರಗಿರುತ್ತೆ. ಸರ್ಜನ್‌ಗೆ ಇದು ಅನುಕೂಲ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗಳಲ್ಲಿ ಒಳಗೇ ಹುದುಗಿರುವುದು ಹೆಚ್ಚು, ಅದು ತಲೆನೋವಿನ ಕೆಲಸ. ಎಲ್ಲಿದೆ ಅಂತ ಸಿಟಿ ಆಂಜಿಯೋದಲ್ಲಿ, ಅಂದರೆ ರಕ್ತನಾಳ ತೋರಿಸುವ ಸ್ಕ್ಯಾನ್‌ನಲ್ಲಿ, ಚೆನ್ನಾಗಿ ಗೊತ್ತಾಗುತ್ತೆ.

ಪ್ರಶ್ನೆ: ಆ ನಾಳವನ್ನು ಒಂದೇ ಸಲ ದಾರದಲ್ಲಿ ಕಟ್ಟಿ ಮುಗಿಸಬಾರದಾ?

ಉತ್ತರ: ಎಷ್ಟೋ ಮರಿಗಳಿಗೆ ಅದು ಅಪಾಯ. ಲಿವರ್ ಒಳಗಿನ ನಾಳಗಳು ಇನ್ನೂ ಸಣ್ಣವು. ಅಷ್ಟೂ ರಕ್ತ ಒಮ್ಮೆಗೇ ನುಗ್ಗಿದರೆ ಒತ್ತಡ ಹಿಂದಕ್ಕೆ, ಕರುಳಿನ ಕಡೆಗೆ ತಿರುಗಿ ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ಆ ಅಡ್ಡನಾಳಕ್ಕೆ ಅಮೆರಾಯ್ಡ್ ಅನ್ನುವ ಪುಟ್ಟ ಉಂಗುರ ತೊಡಿಸುತ್ತೇವೆ. ಹೊರಗೆ ಲೋಹ, ಒಳಗೆ ಕೇಸಿನ್, ಅಂದರೆ ಹಾಲಿನ ಪ್ರೋಟೀನ್. (ಮೊಸರನ್ನ ಒಗ್ಗಿದ ಮರಿಗೆ ಉಂಗುರವೂ ಹಾಲಿನದೇ!) ಅದು ದೇಹದ ದ್ರವ ಹೀರಿ ಉಬ್ಬುತ್ತೆ, ನಾಳ ಕೆಲವು ವಾರಗಳಲ್ಲಿ ನಿಧಾನಕ್ಕೆ ಮುಚ್ಚುತ್ತೆ. ಸೆಲೋಫೇನ್ ಪಟ್ಟಿ ಸುತ್ತುವ ವಿಧಾನವೂ ಇದೆ.

ಪ್ರಶ್ನೆ: ಇಷ್ಟು ಚಿಕ್ಕ ಮರಿ ತಡೆದುಕೊಳ್ಳುತ್ತಾ?

ಉತ್ತರ: ಬಹುಪಾಲು ಮರಿಗಳು ತಡೆದುಕೊಳ್ಳುತ್ತವೆ, ಆದರೆ ಅವಸರ ಬೇಡ. ಮೊದಲು ಕೆಲವು ವಾರ ಔಷಧಿ, ಪಥ್ಯದಲ್ಲಿ ಮರಿ ಚೇತರಿಸಿಕೊಳ್ಳಲಿ. ನನಗೆ ಭಯ ಇರುವುದು ಆಪರೇಷನ್ ಆದ ಮೊದಲ ಮೂರ್ನಾಲ್ಕು ದಿನದ್ದು: ಕೆಲವಕ್ಕೆ ಫಿಟ್ಸ್ ಬರುತ್ತೆ. ಅಷ್ಟು ದಿನ ಆಸ್ಪತ್ರೆಯಲ್ಲೇ ಬಿಡಿ, ಮನೆಗೆ ಕರೆದುಕೊಂಡು ಹೋಗ್ತೀವಿ ಅಂತ ಹಟ ಮಾಡಬೇಡಿ. ಔಷಧಿಯನ್ನೂ ಥಟ್ಟನೆ ನಿಲ್ಲಿಸುವಂತಿಲ್ಲ. ಎರಡು ಮೂರು ತಿಂಗಳಿಗೆ ಮತ್ತೆ ಬೈಲ್ ಆಸಿಡ್ ನೋಡಿ ತೀರ್ಮಾನ.

ಸದ್ಯಕ್ಕೆ ಚಿಕನ್ ನಿಲ್ಲಿಸಿ. ಲ್ಯಾಕ್ಟುಲೋಸ್ (ಮಲ ಸಡಿಲಿಸುವ ಔಷಧಿ) ಕೊಟ್ಟಿದ್ದರೆ ಮಲ ಮೆತ್ತಗಿರಬೇಕು, ನೀರಾದರೆ ಡೋಸ್ ಹೆಚ್ಚಾಗಿದೆ ಅಂತ ಡಾಕ್ಟ್ರಿಗೆ ಹೇಳಿ. ಮೊಸರನ್ನ ಮುಂದುವರಿಸಿ, ಆದರೆ ಈರುಳ್ಳಿ ಒಗ್ಗರಣೆ ಬೇಡ, ನಾಯಿಗೆ ಈರುಳ್ಳಿ ವಿಷ.