ಅಪ್‌ಡೇಟ್: ತತ್ವಶಾಸ್ತ್ರ ತಗೊಂಡೆ, ಆದರೆ ಮೈನರ್ ಆಗಿ

ಧಾರವಾಡದಲ್ಲಿ ಬಿಎ ಸೇರುವಾಗ ತತ್ವಶಾಸ್ತ್ರ ಮೇಜರ್ ಮಾಡಲಾ, ಮೈನರ್ ಮಾಡಲಾ ಅಂತ ಕೇಳಿದ್ದೆ ಅಲ್ವಾ? ಕೊನೆಗೆ ಅರ್ಥಶಾಸ್ತ್ರ ಮೇಜರ್, ಇದು ಮೈನರ್. ಹುಬ್ಬಳ್ಳಿ ಕಾಕಾ 'ಅದನ್ನ ಓದಿದ್ರ ಯಾರು ನೌಕರಿ ಕೊಡ್ತಾರ?' ಅಂತ ತಲೆ ತಿಂದಿದ್ದರು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇದೂ ಐಚ್ಛಿಕ ವಿಷಯ, ಎರಡು ಪತ್ರಿಕೆ, 500 ಅಂಕ ಅಂದ ಮೇಲೆ ಸುಮ್ಮನಾದರು. (ನಾನು ಬರೆಯುತ್ತೇನೋ ಇಲ್ಲವೋ, ಅದು ಬೇರೆ ಮಾತು.)

ನನಗೆ ಹಿಡಿಸಿದ್ದು ನ್ಯಾಯದರ್ಶನದ (ತರ್ಕಕ್ಕೆ ಹೆಸರಾದ ಭಾರತೀಯ ದರ್ಶನ) 'ಅನುಮಾನ'. ಇಲ್ಲಿ ಅದರ ಅರ್ಥ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕದಿಂದ ತಿಳಿಯೋದು. ಗುಡ್ಡದಲ್ಲಿ ಬೆಂಕಿ ಇದೆ, ಯಾಕಂದರೆ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿದ್ದ ಹಾಗೆ. ಇದನ್ನೇ ಐದು ಹೆಜ್ಜೆಯಲ್ಲಿ ಬಿಡಿಸಬೇಕು. ಅಷ್ಟರಲ್ಲಿ ಚಾರ್ವಾಕರು (ಕಣ್ಣಾರೆ ಕಂಡದ್ದನ್ನಷ್ಟೇ ನಂಬುವ ಭೌತವಾದಿಗಳು) ಅಡ್ಡ ಬರುತ್ತಾರೆ: ಎಲ್ಲ ಕಡೆಯ ಹೊಗೆಯನ್ನೂ ನೋಡಿದವರು ಯಾರು? ಈ ಜಗಳವೇ ಮಜಾ. ಪಾಶ್ಚಾತ್ಯ ಭಾಗ ಇನ್ನೂ ಶುರುವಾಗಿಲ್ಲ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.