ಸಹಾಯ ಬೇಕು: ಕಮಲಾ ಖಾನ್ ಕಾಮಿಕ್ಸ್ ಓದುವ ಕ್ರಮ ಯಾವುದು?

ಜಿ. ವಿಲ್ಲೋ ವಿಲ್ಸನ್ ಬರೆದ ಸೂಪರ್‌ಹೀರೋ ಕಾಮಿಕ್ಸ್ ‘ಮಿಸ್ ಮಾರ್ವೆಲ್’ನ ಮೊದಲ ಸಂಪುಟವನ್ನು ಒಂದೇ ಉಸಿರಿಗೆ ಓದಿ ಮುಗಿಸಿದೆ. ಜರ್ಸಿ ಸಿಟಿಯ ಹುಡುಗಿ ಕಮಲಾ ಖಾನ್ ಹೊಂಬಣ್ಣದ ಕೂದಲಿನ ನಾಯಕಿಯ ರೂಪ ತಾಳಿ, ಕೈಯನ್ನು ದೈತ್ಯಾಕಾರಕ್ಕೆ ಹಿಗ್ಗಿಸಿ, ನೀರಿಗೆ ಬಿದ್ದ ಸಹಪಾಠಿಯನ್ನು ಮೇಲೆತ್ತುವ ಪುಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ತೊಡಕು ಇಷ್ಟೇ: 2014ರಲ್ಲಿ ಶುರುವಾದ ಸರಣಿಯ ಎಣಿಕೆ 2015ರ ಕೊನೆಯಲ್ಲಿ ಮತ್ತೆ ಒಂದನೇ ಸಂಚಿಕೆಗೆ ಮರಳುತ್ತದೆ. ನಡುವೆ ಬೇರೆ ನಾಯಕರ ಸರಣಿಗಳನ್ನೂ ಓದಲೇಬೇಕೇ, ಇವಳ ಸಂಪುಟಗಳಷ್ಟೇ ಸಾಕೇ? ತಿಳಿದವರು ದಯವಿಟ್ಟು ಹೇಳಿ.

ಜೇಸನ್ ರೆನಾಲ್ಡ್ಸ್ 2017ರಲ್ಲಿ ಸ್ಪೈಡರ್‌ಮ್ಯಾನ್ ಆಗಿರುವ ಹುಡುಗ ಮೈಲ್ಸ್ ಮೊರಾಲಿಸ್ ಬಗ್ಗೆ ಬರೆದ ಹದಿಹರೆಯದವರ ಕಾದಂಬರಿಯೂ ಬಹಳ ಹಿಡಿಸಿತು. ಹೊಡೆದಾಟಕ್ಕಿಂತ ಬ್ರೂಕ್ಲಿನ್‌ನ ಮನೆ, ಶಾಲೆಯೇ ಅಲ್ಲಿ ಹೆಚ್ಚು ತಟ್ಟುತ್ತವೆ. ಅಂಥದ್ದು ಬೇರೆ ಯಾವುದಿದೆ? ಬೆಂಗಳೂರಿನಲ್ಲಿ ಹಳೆಯ ಪ್ರತಿಗಳು ಸಿಗುವ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ.